ಕಲ್ಲುಹೊಲ, ಕಲ್ಲುಬದು: ಪುಣೆ ಸುತ್ತಿನ ಜಮೀನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಡಿ ಕಡೆಯವನು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷದಿಂದ ಸಾಸವಡದ ಆಚೆ ಒಂದು ಮಡ್ಡಿ ಹೊಲವನ್ನು, ಅಂದರೆ ಕಲ್ಲು ತುಂಬಿದ ಇಳಿಜಾರು ನೆಲವನ್ನು, ನೋಡಿಕೊಳ್ಳುತ್ತಿದ್ದೇನೆ. ಹಡಪಸರ, ಕಾತ್ರಜ್, ಪಿಂಪ್ರಿ ಕಡೆಯ ಕನ್ನಡದವರು ಈಚೆಗೆ ಅರ್ಧ ಎಕರೆ, ಒಂದು ಎಕರೆ ಹಿಡಿಯತೊಡಗಿದ ಮೇಲೆ ಫೋನು, ಪತ್ರ ಹೆಚ್ಚಾಗಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ನೆಲದ ಮಾತು

ನಮ್ಮ ಎರಿ ಹೊಲದಾಗ ಹುಡುಕಿದ್ರೂ ಒಂದ್ ಕಲ್ಲ ಸಿಗಂಗಿಲ್ಲ. ಇಲ್ಲೆ ನೋಡಿದ್ರ ಬರೇ ಕಲ್ಲ. ಹಿಂಗ್ಯಾಕ?

ನಿಮ್ಮ ಎರೆ ಮಣ್ಣಾದದ್ದೂ ಇದೇ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಹರಿದ ಲಾವಾ ಪದರ ಪದರವಾಗಿ ಆರಿ ಕಪ್ಪು ಬಸಾಲ್ಟ್ ಆಯಿತು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ಪುಣೆ, ಸೊಲ್ಲಾಪುರ, ವಿಜಯಪುರ, ಕಲಬುರಗಿಯ ಬಹುಭಾಗ ಎಲ್ಲ ಅದರ ಮೇಲೇ ಕೂತಿವೆ. ಹಡಪಸರದಿಂದ ಸಾಸವಡಕ್ಕೆ ಹೋಗುವಾಗ ದಿವೇ ಘಾಟಿನಲ್ಲಿ ಗುಡ್ಡ ಕಡಿದ ಜಾಗ ನೋಡಿ. ಗಟ್ಟಿ ಕಲ್ಲಿನ ಒಂದು ಪಟ್ಟಿ, ಅದರ ಕೆಳಗೆ ಪುಡಿಪುಡಿಯಾದ ಇನ್ನೊಂದು, ಮತ್ತೆ ಗಟ್ಟಿ: ಮೆಟ್ಟಿಲಿನ ಹಾಗೆ ಕಾಣುತ್ತದೆ. ಈ ಕಲ್ಲಿಗಿರುವ 'ಟ್ರ್ಯಾಪ್' ಎಂಬ ಹೆಸರು ಬಂದದ್ದೇ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಮಾತಿನಿಂದ.

ಕಲ್ಲು ಸವೆದು ಮಣ್ಣಾದದ್ದು ಎಲ್ಲೆಡೆಯೂ ನಡೆದಿದೆ. ಆದರೆ ಇಳಿಜಾರಿನಲ್ಲಿ ಮಣ್ಣು ನಿಲ್ಲಲಿಲ್ಲ. ಮಳೆ ಅದನ್ನು ತೊಳೆದು ತಗ್ಗಿಗೆ ಒಯ್ದಿತು. ಭೀಮೆಯ ದಂಡೆಯ ಆಳಾಳ ಎರೆ ಎಂದರೆ ಗುಡ್ಡಗಳು ಕಳೆದುಕೊಂಡ ಮಣ್ಣೇ. ಸಾಸವಡವಿರುವ ಪುರಂದರ ತಾಲೂಕಿನ ಮಡ್ಡಿಯಲ್ಲಿ ನೀವು ನೋಡುತ್ತಿರುವುದು ಹಾಗೆ ಹೋಗದೆ ಹಿಂದೆ ಉಳಿದದ್ದನ್ನು.

ಮುರುಮ್, ಖಡಕ್, ಕಾತಳ್ ಅಂತೆಲ್ಲ ಹೇಳ್ತಾರೆ. ಕನ್ನಡದಲ್ಲಿ ಏನಂತ ತಿಳ್ಕೋಬೇಕು?

ಮುರುಮ್ ಎಂದರೆ ನಮ್ಮ ಗರಸು. ಅರ್ಧ ಕೊಳೆತ ಕಲ್ಲು, ಗುದ್ದಲಿಗೆ ಬಗ್ಗುತ್ತದೆ, ನೀರು ಕುಡಿಯುತ್ತದೆ. ಖಡಕ್ ಎಂದರೆ ಹಾರೆಗೂ ಬಗ್ಗದ ಬಂಡೆ. ಕಾತಳ್ ಎಂದರೆ ಹಾಸುಬಂಡೆ. ಮಾಳರಾನ್ ಎಂದರೆ ಮಡ್ಡಿ. ಬಾಂಧ್ ಎಂದರೆ ಬದು, ನಮ್ಮ ಕಡೆಯ ಒಡ್ಡು. ಜಮೀನು ನೋಡಲು ಹೋದಾಗ ಕೆಳಗೆ ಮುರುಮ್ ಇದೆಯೋ ಖಡಕ್ ಇದೆಯೋ ಎಂದು ಮೊದಲು ಕೇಳಿ. ಮುರುಮ್ ಇದ್ದರೆ ಬೇರು ಇಳಿಯುತ್ತದೆ, ಗಿಡ ಬದುಕುತ್ತದೆ.

ಪ್ರತಿ ಬೇಸಿಗೆ ಕಲ್ಲು ಆರಿಸಿ ಹಾಕ್ತೀವಿ. ಮುಂದಿನ ವರ್ಷ ಅಷ್ಟೇ ಕಲ್ಲು ಮತ್ತೆ ಮೇಲೆ! ಕಲ್ಲು ಬೆಳೆಯುತ್ತಾ?

ನಮ್ಮ ಅಜ್ಜ ಬೆಳೆಯುತ್ತದೆ ಎಂದೇ ನಂಬಿದ್ದರು. ಕಣ್ಣಿಗೆ ಕಾಣುವುದೂ ಹಾಗೆಯೇ. ನಿಜದಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಮಳೆ ನಯ ಮಣ್ಣನ್ನು ಒಯ್ಯುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಅಂದರೆ ನೆಲ ಇಳಿಯುತ್ತಿದೆ. ಟ್ರ್ಯಾಕ್ಟರಿನ ನೇಗಿಲು ಕೆಳಗಿನ ಗರಸನ್ನು ಎಬ್ಬಿಸುತ್ತದೆ. ಎರೆ ಅಂಶವಿದ್ದಲ್ಲಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬಿರುಕಿನೊಳಗೆ ನಯ ಮಣ್ಣು ಇಳಿದು ತುಂಬಿಕೊಂಡರೆ, ಮಣ್ಣು ಉಬ್ಬಿದಾಗ ಕಲ್ಲಿಗೆ ಕೆಳಗೆ ಜಾಗವಿಲ್ಲದೆ ಮೇಲೆ ಬರುತ್ತದೆ. ಚಳಿ ದೇಶಗಳಲ್ಲಿ ಹಿಮಗಡ್ಡೆ ಮಾಡುವ ಈ ಕೆಲಸವನ್ನು ಇಲ್ಲಿ ಜೇಡಿಮಣ್ಣು ಮಾಡುತ್ತದೆ.

ಹಾಗಾಗಿ ಒಂದೇ ವರ್ಷದಲ್ಲಿ ಕಲ್ಲು ಬಹಳ ಹೆಚ್ಚಿತೆಂದು ಕಂಡರೆ ಕಲ್ಲಿನ ಚಿಂತೆ ಬಿಡಿ, ಮಣ್ಣು ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಿ.

ಹಾಗಾದರೆ ಆರಿಸಿದ್ದೇ ತಪ್ಪಾ? ಎಲ್ಲಾ ತೆಗೆಸಿಬಿಡಬೇಕು ಅಂತಿದ್ದೆ.

ತೆಂಗಿನಕಾಯಿಗಿಂತ ದೊಡ್ಡದನ್ನು ತೆಗೆಯಿರಿ, ಕುಂಟೆಗೆ ಸಿಕ್ಕಿ ಕಾಟ ಕೊಡುವುದನ್ನು ತೆಗೆಯಿರಿ. ಕೋಳಿಮೊಟ್ಟೆಯಷ್ಟಿರುವುದು ಇರಲಿ. ಅಕ್ಟೋಬರ್ ಬಿಸಿಲಿನಲ್ಲಿ ಅಂಥ ಒಂದು ಕಲ್ಲನ್ನು ಎತ್ತಿ ಕೆಳಗೆ ಬೆರಳಿಡಿ. ಸುತ್ತ ಮಣ್ಣು ಬೂದಿಯಾಗಿದ್ದರೂ ಅಲ್ಲಿ ತಂಪು ಇರುತ್ತದೆ, ಒಮ್ಮೊಮ್ಮೆ ಒಂದು ಎರೆಹುಳವೂ ಇರುತ್ತದೆ. ಕಲ್ಲಿನ ಹೊದಿಕೆ ತೇವ ಆರದಂತೆ ತಡೆಯುತ್ತದೆ. ಮಳೆಹನಿ ನೇರ ಬಡಿದು ಮಣ್ಣು ಸಿಡಿಯುವುದನ್ನೂ ತಡೆಯುತ್ತದೆ. ಪೂರ್ತಿ ಕಲ್ಲು ತೆಗೆಸಿ ಹೊಲವನ್ನು ಅಂಗಳದ ಹಾಗೆ ಸಾರಿಸಿದವರು ಎರಡನೇ ಮಳೆಗಾಲದಲ್ಲಿ ನನಗೆ ಫೋನ್ ಮಾಡಿದ್ದಾರೆ.

## ಹಳೆಯ ಗೋಡೆಗಳು

ನಮ್ಮ ಜಮೀನಿನ ಮಧ್ಯ ಕಲ್ಲಿನ ಸಾಲು ಇದೆ ಸರ್. ಅದು ಗೋಡೆನಾ, ಬದುವಾ, ಸುಮ್ನೆ ಎಸೆದ ರಾಶಿನಾ?

ಎರಡೂ ಕಡೆ ನಿಂತು ನೋಡಿ. ಎರಡೂ ಬದಿಯ ನೆಲ ಒಂದೇ ಮಟ್ಟದಲ್ಲಿದ್ದರೆ ಅದು ದನ ತಡೆಯಲು ಅಥವಾ ಹದ್ದು ತೋರಿಸಲು ಕಟ್ಟಿದ ಗೋಡೆ. ಮೇಲಿನ ಬದಿ ಎತ್ತರ, ಕೆಳಗಿನ ಬದಿ ತಗ್ಗು ಇದ್ದರೆ ಅದು ಮಣ್ಣು ಹಿಡಿದ ಬದು. ಮೇಲಿನ ಬದಿಯಲ್ಲಿ ಹಾರೆ ಇಳಿಸಿ. ಎರಡು ಅಡಿ ಸರಾಗ ಇಳಿದರೆ ಆ ಮಣ್ಣನ್ನು ಕೂಡಿಸಿದ್ದು ಈ ಕಲ್ಲಿನ ಸಾಲೇ. ಎರಡೂ ಅಲ್ಲದೆ ಮುಖವಿಲ್ಲದ ಗುಡ್ಡೆಯಾಗಿದ್ದರೆ ಆರಿಸಿ ಎಸೆದ ರಾಶಿ. ಅದೂ ನಿಮಗೆ ಬೇಕು, ಮುಂದೆ ಕಟ್ಟಲು ಕಲ್ಲು ಕೊಂಡು ತರುವ ಖರ್ಚು ತಪ್ಪುತ್ತದೆ.

ಇವನ್ನ ಯಾರು ಕಟ್ಟಿದ್ದು? ಶಿವಾಜಿ ಕಾಲದ್ದು ಅಂತಾರೆ ಊರವರು.

ಕಟ್ಟಿದವರ ಹೆಸರು ಎಲ್ಲೂ ಬರೆದಿರುವುದಿಲ್ಲ, ಮತ್ತು ಒಂದೇ ಬದುವಿನಲ್ಲಿ ಹಲವು ತಲೆಮಾರುಗಳ ಕೈ ಇರುತ್ತದೆ. ಕೆಳಗಿನ ಸಾಲು ಮುತ್ತಜ್ಜನದು, ಮೇಲಿನದು ಮೊಮ್ಮಗನದು. ಈ ವಿದ್ಯೆಯಂತೂ ಬಹಳ ಹಳೆಯದು. ಶಿರೂರು ತಾಲೂಕಿನ ಇನಾಮಗಾಂವದಲ್ಲಿ, ಘೋಡ್ ನದಿಯ ದಂಡೆಯಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ ಹಲವು ವರ್ಷ ಉತ್ಖನನ ಮಾಡಿದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ಆ ರೈತರ ಊರಿನಲ್ಲಿ ಕಲ್ಲು ಮಣ್ಣಿನ ಏರಿ ಮತ್ತು ನೀರಿನ ಕಾಲುವೆಯ ಗುರುತು ಸಿಕ್ಕಿತು.

ನಿಮ್ಮ ಹೊಲದ ಸಾಲು ಅಷ್ಟು ಹಳೆಯದಿರುವುದು ಅಪರೂಪ. ಆಗಿನ ಮುಂಬಯಿ ಪ್ರಾಂತ್ಯ 1942ರಲ್ಲಿ ಜಮೀನಿನ ಗುಣ ಸುಧಾರಿಸುವ ಕಾನೂನು ಮಾಡಿದ ಮೇಲೆ ಸಮಪಾತಳಿ ಬದುಗಳು, ಅಂದರೆ ಒಂದೇ ಮಟ್ಟದ ಗೆರೆಯಲ್ಲಿ ಹಾಕುವ ಬದುಗಳು, ಸರ್ಕಾರಿ ಲೆಕ್ಕದಲ್ಲಿ ಬಂದವು. ವಿಜಯಪುರ, ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಕಡೆಯ ಒಡ್ಡುಗಳ ಕಥೆಯೂ ಇದೇ. ಆಮೇಲೆ 1972ರ ಬರ. ಕೂಲಿಗಾಗಿ ಜಲ್ಲಿ ಒಡೆದರು, ಕೆರೆ ತೋಡಿದರು, ಬದು ಹಾಕಿದರು. ಆ ಬರಗಾಲದಲ್ಲಿ ಬುಟ್ಟಿ ಹೊತ್ತ ಹೆಂಗಸರು ಈಗಲೂ ಪುರಂದರದ ಊರುಗಳಲ್ಲಿದ್ದಾರೆ. ನಿಮ್ಮ ಬದುವಿನ ವಯಸ್ಸು ತಿಳಿಯಬೇಕಾದರೆ ಹಿರಿಯರಿಗೆ ಒಂದು ಕಪ್ ಚಹಾ ಕೊಟ್ಟು ಕೇಳಿ.

ಟ್ರ್ಯಾಕ್ಟರ್ ತಿರುಗೋಕೆ ಜಾಗ ಇಲ್ಲ. ಮಧ್ಯದ ಬದು ಜೆಸಿಬಿಯಲ್ಲಿ ತೆಗೆಸಿ ಎರಡು ತುಂಡು ಒಂದು ಮಾಡ್ಲಾ?

ಬೇಡ. ಇದನ್ನು ನಾನು ಮಾಡಿ ನೋಡಿದ್ದೇನೆ.

ಎರಡನೇ ವರ್ಷದ ಮೇ ತಿಂಗಳಲ್ಲಿ ಅರವತ್ತು ಅಡಿ ಬದು ತೆಗೆಸಿದೆ. ಯಂತ್ರದ ಚಾಲಕ ಎರಡು ತಾಸಿನಲ್ಲಿ ಮುಗಿಸಿದ. ಹೊಲ ಒಂದೇ ಹಾಸಾಗಿ ಕಂಡಿತು, ಸಂಜೆ ಮನೆಯವರೆಲ್ಲ ಬಂದು ಫೋಟೋ ತೆಗೆಸಿಕೊಂಡೆವು. ಜುಲೈ ನಡುವೆ ಒಂದು ರಾತ್ರಿ ಬಿಡದೆ ಮಳೆ ಹೊಡೆಯಿತು. ಬೆಳಿಗ್ಗೆ ಹೋದರೆ ಬದು ಇದ್ದ ಜಾಗದಿಂದಲೇ ಮೊಳಕಾಲುದ್ದ ಕೊರಕಲು ಬಿದ್ದಿತ್ತು. ಮೇಲಿನ ತುಂಡಿನಲ್ಲಿ ಅಂಜೂರ ಸಸಿಗಳ ಬೇರು ಬಿಳಿ ದಾರದ ಹಾಗೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಕೆಳಗಿನ ಹೊಲದ ಕಾಕಾ ತಮ್ಮ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅವರು ಬಯ್ಯಲಿಲ್ಲ. "ಮಾತೀ ಗೇಲೀ," ಎಂದರು, ಮಣ್ಣು ಹೋಯಿತು. ಅಷ್ಟೇ.

ಆ ಅರವತ್ತು ಅಡಿಯನ್ನು ಮತ್ತೆ ಕಟ್ಟಲು ಮೂರು ಬೇಸಿಗೆ ಹಿಡಿಯಿತು. ಅದರ ಹಿಂದೆ ಮಣ್ಣು ಇನ್ನೂ ಗೇಣುದ್ದ ಕೂಡಿಲ್ಲ. ಟ್ರ್ಯಾಕ್ಟರ್ ದಾಟಬೇಕಾದರೆ ಬದುವಿನ ಮೇಲಿನ ತುದಿಯಲ್ಲಿ, ನೀರು ಹರಿಯದ ಕಡೆ, ಹತ್ತು ಅಡಿ ಮಾತ್ರ ಬಿಡಿಸಿ ಅಲ್ಲಿ ಕಲ್ಲು ಹಾಸಿ. ಬದುವಿನ ನಡುವೆ ಕೈ ಹಾಕಬೇಡಿ.

ಸಡಿಲ ಆಗಿದೆ. ಸಿಮೆಂಟ್ ತುಂಬಿಸಿ ಗಟ್ಟಿ ಮಾಡಿದರೆ?

ಕಲ್ಲುಬದು ನಿಂತಿರುವುದೇ ಅದು ಸೋರುವುದರಿಂದ. ಹಿಂದೆ ನೆನೆದ ಮಣ್ಣಿನ ನೀರು ಸಂದಿಗಳಿಂದ ಹೊರಬಂದರೆ ಒತ್ತಡ ಇಳಿಯುತ್ತದೆ. ಸಿಮೆಂಟ್ ಸಂದಿ ಮುಚ್ಚುತ್ತದೆ. ನೀರು ಹಿಂದೆ ನಿಂತು ತಳ್ಳುತ್ತದೆ. ಎರೆ ಮಿಶ್ರಿತ ನೆಲ ಉಬ್ಬಿ ಇಳಿಯುವಾಗ ಒಣಕಲ್ಲಿನ ಗೋಡೆ ತಾನೂ ಸ್ವಲ್ಪ ಅಲುಗಿ ಕೂರುತ್ತದೆ, ಸಿಮೆಂಟಿನದು ಸೀಳುತ್ತದೆ. ಮತ್ತೆ, ಬಿದ್ದ ಒಣಗೋಡೆಯ ಕಲ್ಲು ಪೂರ್ತಿ ಮರಳಿ ಉಪಯೋಗಕ್ಕೆ ಬರುತ್ತದೆ. ಬಿದ್ದ ಸಿಮೆಂಟ್ ಗೋಡೆ ಹೊಲದಲ್ಲಿ ಕಸ. ಯುನೆಸ್ಕೋ 2018ರಲ್ಲಿ ಯುರೋಪಿನ ಎಂಟು ದೇಶಗಳ ಒಣಕಲ್ಲು ಕಟ್ಟುವ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಗೌಂಡಿಗಳ ಕೈಯಲ್ಲಿರುವುದೂ ಅದೇ ವಿದ್ಯೆ, ಅದಕ್ಕೆ ತಕ್ಕ ಕೂಲಿ ಕೊಡಿ.

## ಕೈ ಕೆಲಸ

ಹತ್ತು ಅಡಿ ಬಿದ್ದಿದೆ. ನಾವೇ ಕಟ್ಟಬಹುದಾ?

ಸೊಂಟದೆತ್ತರದವರೆಗೆ ಕಟ್ಟಬಹುದು. ನನಗೆ ಕಲಿಸಿದವರು ಸಿಂದಗಿ ಕಡೆಯ ಒಬ್ಬ ಗೌಂಡಿ ಮಾವ. ಅವರು ಕಲ್ಲು ಎತ್ತುವ ಮೊದಲು ಸುತ್ತಿಗೆಯಿಂದ ಒಂದು ಸಲ ತಟ್ಟುತ್ತಿದ್ದರು. 'ಠಣ್' ಎಂದರೆ ಗೋಡೆಗೆ, 'ದಬ್' ಎಂದರೆ ಹಿಂದಿನ ತುಂಬುಗೆ. ದಬ್ ಎನ್ನುವ ಕಲ್ಲು ಒಳಗೆ ಕೊಳೆತಿರುತ್ತದೆ, ನಾಲ್ಕು ಮಳೆಗೆ ಈರುಳ್ಳಿಯಂತೆ ಸಿಪ್ಪೆ ಬಿಚ್ಚುತ್ತದೆ.

ಬಿದ್ದ ಕಲ್ಲನ್ನು ಮೊದಲು ಗಾತ್ರದ ಪ್ರಕಾರ ಬೇರೆ ಮಾಡಿ, ಎಲ್ಲಕ್ಕಿಂತ ದೊಡ್ಡವು ಗೋಡೆಗೆ ಹತ್ತಿರ. ಗಟ್ಟಿ ಗರಸು ಸಿಗುವವರೆಗೆ ತೋಡಿ ಪಾಯ ಮಾಡಿ. ಪಾಯ ಹಿಂದಕ್ಕೆ ಸ್ವಲ್ಪ ವಾಲಿರಲಿ. ಮೂರು ಅಡಿ ಎತ್ತರಕ್ಕೆ ತಳದಲ್ಲಿ ಎರಡು ಅಡಿ ದಪ್ಪ, ಮೇಲೆ ಒಂದೂವರೆ. ಮುಂದಿನ ಮುಖ ಒಳಕ್ಕೆ ವಾಲುತ್ತ ಹೋಗಲಿ, ಅಡಿಗೆ ಎರಡು ಬೆರಳು. ದಾರ ಕಟ್ಟಿ ಕಟ್ಟಿರಿ, ಕಣ್ಣಳತೆ ಹೊಸಬರಿಗೆ ಮೋಸ ಮಾಡುತ್ತದೆ.

ಕಲ್ಲಿನ ಉದ್ದ ಗೋಡೆಯೊಳಕ್ಕೆ ಹೋಗಬೇಕು. ಚೆಂದ ಕಾಣಲಿ ಎಂದು ಉದ್ದ ಬದಿಯನ್ನು ಹೊರಗಿಟ್ಟರೆ ಅದು ಬರೀ ಮುಖವಾಗುತ್ತದೆ, ಹಿಂದೆ ಹಿಡಿತ ಇರುವುದಿಲ್ಲ. ಹೊಸಬರ ಗೋಡೆ ಉಬ್ಬುವುದು ಹೆಚ್ಚಾಗಿ ಇದರಿಂದಲೇ. ಒಂದರ ಮೇಲೆ ಎರಡು, ಎರಡರ ಮೇಲೆ ಒಂದು ಬರುವಂತೆ ಇಟ್ಟು ಸಂದಿ ಮೇಲಿಂದ ಕೆಳಕ್ಕೆ ಒಂದೇ ಗೆರೆಯಾಗದಂತೆ ನೋಡಿಕೊಳ್ಳಿ. ಮೂರು ಅಡಿಗೊಂದು, ಅರ್ಧ ಎತ್ತರದಲ್ಲಿ, ಪೂರ್ತಿ ದಪ್ಪಕ್ಕೂ ಹಾಯುವ ಅಡ್ಡಗಲ್ಲು ಬೇಕು. ಹಿಂದೆ ಮಣ್ಣಲ್ಲ, ಸಣ್ಣ ಕಲ್ಲು ಗರಸು ತುಂಬಿ. ಚಕ್ಕೆಯನ್ನು ಒಳಗಿನಿಂದ ಸಿಕ್ಕಿಸಬೇಕು. ಮುಂದಿನಿಂದ ಬಡಿದ ಚಕ್ಕೆ ಮಳೆಗೆ ಜಾರಿ ಬೀಳುತ್ತದೆ.

ಕಲ್ಲು ಕೊಳ್ಳಬೇಕಾದರೆ ಇಲ್ಲಿ ಬ್ರಾಸ್ ಲೆಕ್ಕ, ಒಂದು ಬ್ರಾಸ್ ಎಂದರೆ 100 ಘನ ಅಡಿ. ಮೂವತ್ತು ಅಡಿ ಉದ್ದ, ಮೂರು ಅಡಿ ಎತ್ತರಕ್ಕೆ ಒಂದೂವರೆ ಬ್ರಾಸ್‌ಗಿಂತ ತುಸು ಹೆಚ್ಚು ಬೇಕು. ಬೆರಳು ಜಜ್ಜುವುದು ಇಡುವಾಗ. ಎರಡು ಕೈಯಲ್ಲೂ ಚರ್ಮದ ಗ್ಲೌಸ್ ಇರಲಿ.

ಹಾವಿನ ಭಯ. ಗೋಡೆ ತುಂಬ ಬಿಲ. ಮಕ್ಕಳನ್ನ ಕರ್ಕೊಂಡು ಹೋಗ್ತೀವಿ.

ಭಯ ಸರಿಯಾದದ್ದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಈ ಕಡೆ ಇವೆ. ಗರಗಸ ಮಂಡಲ ಗೇಣೆರಡು ಗೇಣುದ್ದ, ಕಲ್ಲಿನ ಬಣ್ಣವೇ, ಸಂದಿಯಲ್ಲಿ ಕೂತರೆ ಕಾಣುವುದಿಲ್ಲ. ಸಂದಿಗೆ ಬರಿಗೈ ಹಾಕಬೇಡಿ. ಕಲ್ಲನ್ನು ಹಾರೆಯಿಂದ ನಿಮ್ಮ ಕಡೆಗೆ ಮಗುಚಿ, ಆಗ ಕಲ್ಲೇ ನಿಮಗೂ ಹಾವಿಗೂ ನಡುವೆ ಬರುತ್ತದೆ. ಸಂಜೆ ಟಾರ್ಚ್, ಕಾಲಿಗೆ ಬೂಟು. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಿಸದೆ 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಸೇರಿಸಿ. ಈ ನಾಲ್ಕಕ್ಕೂ ಒಂದೇ ಔಷಧ.

ಹಾವಿನ ನೆಪದಲ್ಲಿ ಗೋಡೆ ಕೆಡವಬೇಡಿ. ಅಲ್ಲಿ ಮುಂಗುಸಿ, ಓತಿಕ್ಯಾತ, ಹಾಲಕ್ಕಿ ಕೂಡ ಮನೆ ಮಾಡಿವೆ. ಇಲಿ, ಹುಳು ಹಿಡಿಯುವವರು ಇವರೇ.

ಇಂಥ ನೆಲದಾಗ ಏನ್ ಬೆಳಿಬೇಕ್ರಿ? ಜೋಳ ಹಾಕಿದ್ರ ಮೊಳಕಾಲಿಗಿ ಬರಲಿಲ್ಲ.

ಹಿಂಗಾರಿ ಜೋಳಕ್ಕೆ ಆಳದ ಎರೆ ಬೇಕು, ಇಲ್ಲಿ ಅದರ ಆಸೆ ಬಿಡಿ. ಸಜ್ಜೆ, ಹುರುಳಿ, ಮಡಿಕೆಕಾಳು ಬರುತ್ತವೆ. ಆದರೆ ಮಡ್ಡಿಯ ನಿಜವಾದ ಬೆಳೆ ಹಣ್ಣು. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅಂಜೂರದ ಬೇರಿಗೆ ನೀರು ನಿಂತರೆ ಆಗದು, ಗರಸು ನೀರು ನಿಲ್ಲಗೊಡುವುದಿಲ್ಲ. ಇಲ್ಲಿಯ ಸೀತಾಫಲವೂ ಹಾಗೆಯೇ. ಎರಡಡಿ ಗುಂಡಿ ತೋಡಿ, ಬದುವಿನ ಹಿಂದೆ ಕೂಡಿದ ಮಣ್ಣು ಗೊಬ್ಬರ ಬೆರೆಸಿ ತುಂಬಿ.

ಇದೇ ತಾಲೂಕಿನ ನಾಯಗಾಂವಕ್ಕೆ ಒಮ್ಮೆ ಹೋಗಿ ಬನ್ನಿ. 1972ರ ಬರದ ನಂತರ ಪುಣೆಯ ಉದ್ಯಮಿ ವಿಲಾಸರಾವ್ ಸಾಳುಂಖೆಯವರು ಅಲ್ಲಿ ದೇವಸ್ಥಾನದ ಟ್ರಸ್ಟಿನ ನಲವತ್ತು ಎಕರೆ ಬರಡು ಇಳಿಜಾರನ್ನು ಗುತ್ತಿಗೆ ಹಿಡಿದು ಬದು ಹಾಕಿಸಿದರು, ಕೆರೆ ಬಾವಿ ಮಾಡಿಸಿದರು. ಅದರಿಂದ ಹುಟ್ಟಿದ್ದು ಪಾಣಿ ಪಂಚಾಯತ್: ನೀರು ಜಮೀನಿನ ಲೆಕ್ಕದಲ್ಲಲ್ಲ, ಮನೆಯ ತಲೆಗಳ ಲೆಕ್ಕದಲ್ಲಿ, ಜಮೀನಿಲ್ಲದವರಿಗೂ ಪಾಲು, ಕಬ್ಬಿಗೆ ನೀರಿಲ್ಲ. ಕಲ್ಲುಹೊಲದಲ್ಲಿ ಕಬ್ಬು ಹಾಕಲು ಬೋರ್ ಕೊರೆಸುತ್ತೇನೆ ಎನ್ನುವವರಿಗೆ ನಾನು ಈ ಮೂರು ನಿಯಮ ಹೇಳುತ್ತೇನೆ.

ನಾವು ಗೋವಾದಲ್ಲಿದೀವಿ, ಮೂಲ ಕುಂದಾಪುರ. ಇಲ್ಲಿಯ ಕೆಂಪು ಕಲ್ಲಿಗೂ ಇದೇ ಮಾತಾ?

ಅದು ನಿಮ್ಮೂರ ಮುರಕಲ್ಲೇ, ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟ ಆ ಹೆಸರು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನದು. ಜಂಬಿಟ್ಟಿಗೆ ಎನ್ನುವ ನಮ್ಮ ಮಾತಿನೊಳಗೂ ಇಟ್ಟಿಗೆ ಇದೆ. ಭಾರಿ ಮಳೆ ಉಳಿದದ್ದನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಸಿದ ಕಲ್ಲು ಅದು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಬಸಾಲ್ಟನ್ನು ಸಿಕ್ಕ ಆಕಾರದಲ್ಲೇ ಹೊಂದಿಸಬೇಕು, ಮುರಕಲ್ಲನ್ನು ಕೊಡಲಿಯಿಂದ ಚೌಕ ಕೆತ್ತಬಹುದು. ಸೋರಲು ಬಿಡಬೇಕು, ಒಳಕ್ಕೆ ವಾಲಬೇಕು ಎನ್ನುವುದು ಎರಡಕ್ಕೂ ಒಂದೇ. ಮಣ್ಣು ಮಾತ್ರ ಹುಳಿ. ಗೇರು ಒಗ್ಗುತ್ತದೆ, ಅಂಜೂರ ಬೇಡ.

## ದಾಖಲೆ, ಶಿಲೆ, ನೀರು

ಬದುವಿನ ಕಲ್ಲು ನಮ್ದಾ, ಪಕ್ಕದವರದಾ? ಮಾರಬಹುದಾ?

ಒಳಗಿನ ಬದು ನಿಮ್ಮದು. ಹದ್ದಿನ ಬದು ಇಬ್ಬರದು ಎಂದೇ ನಡೆದುಕೊಳ್ಳಿ. ಅನುಮಾನವಿದ್ದರೆ ಭೂಮಿ ಅಭಿಲೇಖ ಕಚೇರಿಯಲ್ಲಿ ಹಣ ಕಟ್ಟಿ ಮೋಜಣಿ ಮಾಡಿಸಿ. ಹದ್ದಿನ ಗುರುತು ಕೀಳುವುದು 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ ಪ್ರಕಾರ ತಪ್ಪು. ಕಲ್ಲು, ಮುರುಮ್ ಗೌಣ ಖನಿಜದಲ್ಲಿ ಬರುತ್ತವೆ. ನಿಮ್ಮ ಹೊಲದ್ದೇ ಆದರೂ ಮಾರಲು ಲಾರಿಗೆ ಹಾಕಿದರೆ ತಹಶೀಲ್ದಾರರ ಪರವಾನಗಿ, ರಾಯಲ್ಟಿ ಬೇಕು. ಸಾತ್‌ಬಾರಾ ಉತಾರೆಯಲ್ಲಿ 'ಪೋಟ್‌ಖರಾಬ' ಎಂಬ ಅಂಕಣವನ್ನೂ ನೋಡಿ, ನಮ್ಮ ಪಹಣಿಯ ಖರಾಬಿನ ಹಾಗೆಯೇ. ಅ ವರ್ಗ ಎಂದರೆ ಕಲ್ಲು ಮುಂತಾದ ಕಾರಣದಿಂದ ಉಳುಮೆಗೆ ಬಾರದ್ದು. ಬ ವರ್ಗ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದು. ಅದರ ಮೇಲೆ ಗೋಡೆ ಎಬ್ಬಿಸಬೇಡಿ.

ಕಲ್ಲು ಒಡೆದಾಗ ಒಳಗೆ ಬಿಳಿ, ಗುಲಾಬಿ ಹರಳು ಸಿಕ್ತು. ವಜ್ರನಾ?

ಅಲ್ಲ. ಹೆಚ್ಚಾಗಿ ಲಾವಾದ ಗಾಳಿಗುಳ್ಳೆಗಳಲ್ಲಿ ಬೆಳೆದ ಝಿಯೋಲೈಟ್ ಎಂಬ ಖನಿಜದ ಜಾತಿಯವು. ಪುಣೆ ಪಕ್ಕದ ವಾಘೋಲಿಯ ಗಣಿಗಳ ನೀಲಿ ಕ್ಯಾವನ್ಸೈಟ್ ಹರಳು ಲೋಕಪ್ರಸಿದ್ಧ. ತೊಳೆದು ಮಕ್ಕಳಿಗೆ ತೋರಿಸಿ.

ಗೋಡೆಯಲ್ಲಿ ಕುದುರೆ, ಮನುಷ್ಯ ಕೆತ್ತಿದ ಕಲ್ಲು ಇದೆ. ಮನೆಗೆ ತಂದಿಡಬಹುದಾ?

ತರಬೇಡಿ. ಅದು ಬಹುಶಃ ವೀರಗಲ್ಲು. ಮರಾಠಿಯವರ 'ವೀರಗಳ್' ನಮ್ಮ ಕಲ್ಲನ್ನೇ ಕೊನೆಯಲ್ಲಿ ಇಟ್ಟುಕೊಂಡ ಮಾತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯಚಂದ್ರ: ನಮ್ಮೂರ ಗುಡಿ ಮುಂದಿನದೇ ವರಸೆ. ಯಾವುದೋ ತಲೆಮಾರಿನ ರೈತ ಚಪ್ಪಟೆ ಕಲ್ಲು ಸಿಕ್ಕಿತೆಂದು ಗೋಡೆಗೆ ಸೇರಿಸಿರುತ್ತಾನೆ. ಇದ್ದಲ್ಲೇ ಫೋಟೋ ತೆಗೆದು, ಎಣ್ಣೆ ಬಣ್ಣ ಬಳಿಯದೆ, ಗ್ರಾಮ ಪಂಚಾಯಿತಿಗೂ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ಕಿತ್ತು ತಂದರೆ ಅದು ಯಾವ ಊರಿನ ಯಾರ ಸಾವಿನ ನೆನಪು ಎಂಬುದು ಆ ದಿನವೇ ಅಳಿಸಿಹೋಗುತ್ತದೆ.

ಹೊಸ ಬದು ಹಾಕಿಸಬೇಕು. ನೀರು ಪೂರ್ತಿ ನಿಲ್ಲಿಸಬೇಕಾ, ಬಿಡಬೇಕಾ?

ಪುಣೆ ನಗರಕ್ಕೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಪೂರ್ವಕ್ಕೆ ಬಾರಾಮತಿ, ಇಂದಾಪುರದ ಕಡೆ ಇನ್ನೂ ಕಡಿಮೆ. ಪಶ್ಚಿಮಕ್ಕೆ ಲೋಣಾವಳಾ ಘಾಟಿನಲ್ಲಿ 4000 ದಾಟುತ್ತದೆ. ಪೂರ್ವದ ಗರಸು ನೆಲದಲ್ಲಿ ನೀರು ತಡೆದು ಇಂಗಿಸಿ. ಮಾವಳ, ಮುಳಶಿಯಲ್ಲಿ ನಿಲ್ಲಿಸಲು ಹೋದರೆ ಬದುವೇ ಹೋಗುತ್ತದೆ, ಅಲ್ಲಿ ನಿಧಾನ ಮಾಡಿ ಬಿಟ್ಟುಬಿಡಿ.

ಎಲ್ಲಿಯೇ ಆಗಲಿ ಬದು ಮಟ್ಟದ ಗೆರೆಯಲ್ಲಿರಬೇಕು. ಗೌಂಡಿಯ ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಎರಡು ಕೋಲಿಗೆ ಕಟ್ಟಿ. ಎರಡೂ ಕಡೆ ನೀರು ಒಂದೇ ಗುರುತಿಗೆ ಬಂದ ಜಾಗಗಳಲ್ಲಿ ಸುಣ್ಣ ಚೆಲ್ಲುತ್ತ ಹೋದರೆ ಗೆರೆ ತಾನಾಗಿ ಡೊಂಕಾಗಿ ಬರುತ್ತದೆ. ಅದನ್ನು ನೇರ ಮಾಡಬೇಡಿ. ಒಂದು ತುದಿಯಲ್ಲಿ ಬದುವಿನ ಎತ್ತರಕ್ಕಿಂತ ಒಂದಡಿ ತಗ್ಗಿನ ಕೋಡಿ ಬಿಟ್ಟು, ಅದರ ಕೆಳಗೆ ನೀರು ಬೀಳುವ ಜಾಗಕ್ಕೆ ದಪ್ಪ ಕಲ್ಲು ಹಾಸಿ.

ಕಲ್ಲು ಹೊರಿಸುವ ಮುಂಚೆ ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಹೊಲದಲ್ಲಿ ಒಂದು ತಾಸು ನಿಲ್ಲಿ. ಎಲ್ಲಿ ನೀರು ಕೆಂಪಾಗಿ ಓಡುತ್ತದೋ ಅಲ್ಲಿ ಒಂದೊಂದು ಕಡ್ಡಿ ನೆಡಿ. ಮಳೆ ನಿಂತ ಮೇಲೆ ಗೌಂಡಿಯನ್ನು ಕರೆದು ಆ ಕಡ್ಡಿಗಳನ್ನು ತೋರಿಸಿ.